‘ಮೋಡಗಳು’ ನಾಟಕ ಸಾಕ್ರಟೀಸನ ಜೀವ ತೆಗೆಯಿತೇ?

ಪ್ರಶ್ನೆ: ಪ್ರಾಚೀನ ಅಥೆನ್ಸಿನ ಹಾಸ್ಯನಾಟಕಕಾರ ಅರಿಸ್ಟೋಫನೀಸ್ ತನ್ನ ‘ಮೋಡಗಳು’ ನಾಟಕದಲ್ಲಿ ಸಾಕ್ರಟೀಸನನ್ನು ಗೇಲಿ ಮಾಡಿದ್ದೇ ಅವನ ಮರಣದಂಡನೆಗೆ ಕಾರಣವಾಯಿತು ಅಂತಾರೆ. ನಿಜವೇ? ನಾಟಕದಲ್ಲಿ ಬರುವವನು ನಿಜವಾದ ಸಾಕ್ರಟೀಸನೇ?

ಉತ್ತರ: ಮೊದಲು ಇಸವಿ ನೋಡಿ. ನಾಟಕ ಆಡಿದ್ದು ಕ್ರಿ.ಪೂ. 423ರಲ್ಲಿ, ವಿಚಾರಣೆ ನಡೆದದ್ದು 399ರಲ್ಲಿ. ನಡುವೆ 24 ವರ್ಷ. ನಾಟಕ ನೋಡಿ ಕೆರಳಿದ ಜನ ಅಷ್ಟು ಕಾಲ ಕಾದು ಕೂರುವುದಿಲ್ಲ. ಹಾಗಂತ ಎರಡಕ್ಕೂ ಸಂಬಂಧವೇ ಇಲ್ಲ ಎನ್ನುವಂತೆಯೂ ಇಲ್ಲ. ನ್ಯಾಯಾಲಯದಲ್ಲಿ ನಿಂತು ಆ ನಾಟಕದ ಮಾತೆತ್ತಿದವನು ಸಾಕ್ರಟೀಸನೇ ಎಂದು ಅವನ ಶಿಷ್ಯ ಪ್ಲೇಟೊ ಬರೆದಿದ್ದಾನೆ. ನಾಟಕ ಅವನನ್ನು ಕೊಲ್ಲಲಿಲ್ಲ, ಆದರೆ ಅವನ ಮೇಲಿನ ಆಪಾದನೆಗೆ ಬೇಕಾದ ಮಾತುಗಳನ್ನು ಊರಿನ ಬಾಯಿಗೆ ಹಾಕಿತು. ಹೇಗೆ ಅನ್ನುವುದು ಕಥೆಯೊಳಕ್ಕೆ ಹೋದರೆ ತಿಳಿಯುತ್ತದೆ.

ಸ್ಟ್ರೆಪ್ಸಿಯಾಡೀಸ್ ಎಂಬ ಮುದಿ ರೈತನಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಮಗ ಫೈಡಿಪ್ಪಿಡೀಸನಿಗೆ ಕುದುರೆ ಹುಚ್ಚು. ಅಪ್ಪ ದೀಪ ಹಚ್ಚಿಸಿ ಲೆಕ್ಕದ ಪುಸ್ತಕ ತೆರೆಯುತ್ತಾನೆ: ಒಂದು ಕುದುರೆಗೆ 12 ಮಿನಾ ಸಾಲ, ರಥದ ಹಲಗೆ ಮತ್ತು ಗಾಲಿಗಳಿಗೆ 3 ಮಿನಾ. ಒಂದು ಮಿನಾ ಅಂದರೆ 100 ದ್ರಾಖ್ಮ. ಆ ಕಾಲದಲ್ಲಿ ನ್ಯಾಯತೀರ್ಪಿಗೆ ಕೂರುವ ಪೌರನಿಗೆ ದಿನಕ್ಕೆ ಸಿಗುತ್ತಿದ್ದದ್ದು ಅರ್ಧ ದ್ರಾಖ್ಮ; ಕುದುರೆಯ ಸಾಲವೊಂದೇ ಅಂಥ 2,400 ದಿನಗಳ ಭತ್ಯೆಗೆ ಸಮ. ಬಡ್ಡಿ ಬೀಳುವುದು ಚಾಂದ್ರಮಾಸದ ಕೊನೆಯ ದಿನ. ಹಾಗಾಗಿ ಮುದುಕನಿಗೆ ಹೊಳೆಯುವ ಒಂದು ಉಪಾಯ: ಮಂತ್ರವಾದಿ ಹೆಂಗಸೊಬ್ಬಳಿಂದ ಚಂದ್ರನನ್ನೇ ಇಳಿಸಿ ಪೆಟ್ಟಿಗೆಯಲ್ಲಿಟ್ಟರೆ ತಿಂಗಳು ತುಂಬುವುದಿಲ್ಲ, ಬಡ್ಡಿಯೂ ಬೀಳುವುದಿಲ್ಲ!

ಸಾಲ ತೀರಿಸದೆ ಮಾತಿನಲ್ಲೇ ಗೆಲ್ಲುವುದನ್ನು ಕಲಿಯಲು ಅವನು ಪಕ್ಕದಲ್ಲಿರುವ ಸಾಕ್ರಟೀಸನ ‘ಚಿಂತನಶಾಲೆ’ಯ ಬಾಗಿಲು ಬಡಿಯುತ್ತಾನೆ. ಆ ಸದ್ದಿಗೆ ಒಳಗೊಂದು ಯೋಚನೆಗೆ ಗರ್ಭಪಾತವಾಯಿತು ಎಂದು ಶಿಷ್ಯ ಸಿಡುಕುತ್ತಾನೆ. ಆಮೇಲೆ ಚಿಗಟದ ಪ್ರಸಂಗ ಹೇಳುತ್ತಾನೆ. ಚಿಗಟವೊಂದು ಸಾಕ್ರಟೀಸನ ಗೆಳೆಯ ಕೈರೆಫೋನನ ಹುಬ್ಬಿಗೆ ಕಚ್ಚಿ ಸಾಕ್ರಟೀಸನ ತಲೆಗೆ ಹಾರಿತಂತೆ. ಅದು ತನ್ನ ಪಾದದ ಎಷ್ಟು ಪಟ್ಟು ದೂರ ಹಾರುತ್ತದೆ? ಮೇಣ ಕರಗಿಸಿ ಚಿಗಟದ ಕಾಲನ್ನು ಅದ್ದಿದರು. ಆರಿದ ಮೇಣ ಪುಟ್ಟ ಪಾದರಕ್ಷೆಯಾಯಿತು. ಅದನ್ನು ಕಳಚಿ ಅದರಿಂದಲೇ ದೂರ ಅಳೆದರು. ಈ ನಗೆಯೊಳಗೆ ನಿಜವಾದ ಒಂದು ವಿಧಾನ ಅಡಗಿದೆ: ಪ್ರಶ್ನೆ ಸ್ಪಷ್ಟ, ಅಳತೆಗೋಲು ಸರಿ. ಹೊಸ ವಿಚಾರಗಳನ್ನು ಹತ್ತಿರದಿಂದ ಕೇಳಿದವನಿಗೆ ಮಾತ್ರ ಹೀಗೆ ಬರೆಯಲು ಸಾಧ್ಯ. ಮುಂದೆ ಸಾಕ್ರಟೀಸ್ ಬುಟ್ಟಿಯಲ್ಲಿ ನೇತಾಡುತ್ತಾ ಕಾಣಿಸಿಕೊಳ್ಳುತ್ತಾನೆ. ತಾನು ಗಾಳಿಯಲ್ಲಿ ನಡೆಯುತ್ತಾ ಸೂರ್ಯನ ಬಗ್ಗೆ ಯೋಚಿಸುತ್ತಿದ್ದೇನೆ ಎನ್ನುತ್ತಾನೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಈ ಪಾತ್ರ ಮೂರ್ನಾಲ್ಕು ಜನರನ್ನು ಕಲಸಿ ಮಾಡಿದ ಮುದ್ದೆ. ಬರಿಗಾಲು, ಬಡತನ, ಗೆಳೆಯ ಕೈರೆಫೋನ್, ಪ್ರಶ್ನೆ ಮೇಲೆ ಪ್ರಶ್ನೆ ಹಾಕುವ ರೀತಿ ನಿಜವಾದ ಸಾಕ್ರಟೀಸನವು. ಗಾಳಿಯೇ ದೇವರು, ಭೂಮಿಯ ಬಳಿ ಇದ್ದರೆ ಚಿಂತನೆಯ ತೇವವನ್ನು ಅದು ಹೀರಿಬಿಡುತ್ತದೆ ಎಂಬ ಮಾತುಗಳಲ್ಲಿ ಅಪೊಲೋನಿಯದ ತತ್ವಜ್ಞಾನಿ ಡಯೋಜನೀಸನ ಛಾಯೆ. ನಾಮಪದಗಳ ಲಿಂಗ ತಿದ್ದುವುದು, ದುರ್ಬಲ ವಾದವನ್ನು ಬಲವಾಗಿಸುವುದು ಸೋಫಿಸ್ಟ್ ಪ್ರೊಟಾಗೊರಸನ ಹೆಸರಿಗೆ ಅಂಟಿಕೊಂಡ ವಿದ್ಯೆ. ಹಣ ಪಡೆದು ಕಲಿಸುವುದು ಸೋಫಿಸ್ಟರ, ಅಂದರೆ ಮಾತಿನ ಕಲೆ ಹೇಳಿಕೊಡುವ ಗುರುಗಳ, ಪದ್ಧತಿ. ತಾನು ಯಾರಿಂದಲೂ ಹಣ ಪಡೆದಿಲ್ಲ ಎಂದು ಸಾಕ್ರಟೀಸ್ ನ್ಯಾಯಾಲಯದಲ್ಲಿ ಹೇಳುತ್ತಾನೆ. ಇಷ್ಟನ್ನೂ ಅವನ ತಲೆಗೇ ಕಟ್ಟಿದ್ದೇಕೆ? ಸೋಫಿಸ್ಟರಲ್ಲಿ ಬಹಳಷ್ಟು ಮಂದಿ ಪರವೂರಿನಿಂದ ಬಂದುಹೋಗುವವರು. ಸಾಕ್ರಟೀಸ್ ಊರಿನವನು, ಪೇಟೆಯಲ್ಲಿ ದಿನವೂ ಸಿಗುವವನು, ಮುಖವಾಡ ಹಾಕಿದರೂ ಗುರುತು ಹತ್ತುವ ಚಪ್ಪಟೆ ಮೂಗಿನವನು. ಹಾಸ್ಯನಾಟಕಕ್ಕೆ ಬೇಕಾದದ್ದು ಇಂಥ ಮುಖ. 423ರ ಅದೇ ನಾಟಕ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದ ಅಮೈಪ್ಸಿಯಸನ ನಾಟಕದಲ್ಲೂ ಸಾಕ್ರಟೀಸನಿದ್ದ. ‘ಮೋಡಗಳು’ ಬಂದದ್ದು ಮೂರನೆಯದಾಗಿ. ಮೊದಲ ಬಹುಮಾನ ಮುದುಕ ಕವಿ ಕ್ರಟೀನಸನ ಪಾಲಾಯಿತು.

ಓದುಗರು ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ಇವತ್ತು ನಮ್ಮ ಕೈಗೆ ಸಿಗುವುದು 423ರಲ್ಲಿ ಆಡಿದ ಪಠ್ಯವಲ್ಲ, ಸೋತ ಮೇಲೆ ಕವಿ ತಿದ್ದಲು ಹಿಡಿದ ಪಠ್ಯ. ಮೋಡಗಳ ವೇಷದ ಹಾಡುಗಾರರ ಮೇಳವು ಕವಿಯ ಪರವಾಗಿ ಪ್ರೇಕ್ಷಕರೊಡನೆ ನೇರವಾಗಿ ಮಾತಾಡುವ ಭಾಗದಲ್ಲಿ, ನನ್ನ ಅತ್ಯುತ್ತಮ ಹಾಸ್ಯನಾಟಕವನ್ನು ಸೋಲಿಸಿದಿರಲ್ಲ ಎಂದು ಅವನು ನೋಯುತ್ತಾನೆ. ಅಲ್ಲೇ ಇನ್ನೊಬ್ಬ ಹಾಸ್ಯಕವಿ ಯೂಪೊಲಿಸ್ 421ರಲ್ಲಿ ಆಡಿಸಿದ ನಾಟಕದ ಉಲ್ಲೇಖ ಬರುತ್ತದೆ. ಸ್ವಲ್ಪ ಕೆಳಗೆ, 422ರಲ್ಲೇ ಸತ್ತ ರಾಜಕಾರಣಿ ಕ್ಲಿಯೋನ್ ಇನ್ನೂ ಬದುಕಿದ್ದಾನೆ ಎಂಬಂತೆ ಮಾತು! ತಿದ್ದುವ ಕೆಲಸ ಅರ್ಧಕ್ಕೇ ನಿಂತಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಪಠ್ಯದ ಜೊತೆ ಉಳಿದುಬಂದಿರುವ ಪ್ರಾಚೀನ ಟಿಪ್ಪಣಿಯ ಪ್ರಕಾರ ಪೂರ್ತಿ ಬದಲಾದ ಭಾಗಗಳು ಮೂರು: ಪ್ರೇಕ್ಷಕರೊಡನೆ ಆಡುವ ಮಾತು, ನ್ಯಾಯದ ಮತ್ತು ಅನ್ಯಾಯದ ವಾದಗಳು ಪಾತ್ರಗಳಾಗಿ ಬಂದು ಆಡುವ ಜಗಳ, ಚಿಂತನಶಾಲೆಗೆ ಬೆಂಕಿ ಬೀಳುವ ಕೊನೆ. ಅಂದರೆ ‘ಸಾಕ್ರಟೀಸನ ಮನೆ ಸುಡಲು ಜನರನ್ನು ಎತ್ತಿಕಟ್ಟಿದ ದೃಶ್ಯ’ ಎಂದು ಬೆಟ್ಟುಮಾಡುವ ಆ ಭಾಗವನ್ನು 423ರ ಪ್ರೇಕ್ಷಕರು ಈಗಿರುವ ರೂಪದಲ್ಲಿ ನೋಡಿಯೇ ಇರಲಿಲ್ಲ.

ಆ ಬೆಂಕಿ ಹೊತ್ತುವುದು ಹೇಗೆ ಎಂಬುದನ್ನೂ ಗಮನಿಸಬೇಕು. ಮುದುಕನಿಗೆ ವಿದ್ಯೆ ಹತ್ತುವುದಿಲ್ಲ, ಮಗ ಕಲಿತು ಬರುತ್ತಾನೆ. ಊಟದ ಹೊತ್ತಿನಲ್ಲಿ ಹಾಡಿನ ವಿಷಯಕ್ಕೆ ಜಗಳ ಹತ್ತಿ ಅಪ್ಪನಿಗೇ ಹೊಡೆಯುತ್ತಾನೆ. ಚಿಕ್ಕವನಿದ್ದಾಗ ನೀನು ನನ್ನ ಒಳ್ಳೆಯದಕ್ಕೇ ಹೊಡೆದೆಯಲ್ಲ, ಮುಪ್ಪೆಂದರೆ ಎರಡನೆಯ ಬಾಲ್ಯ, ಈಗ ನನ್ನ ಸರದಿ ಎಂದು ಸಾಧಿಸುತ್ತಾನೆ. ಅಮ್ಮನಿಗೂ ಹೊಡೆಯುವೆನೆಂದಾಗ ಮುದುಕ ಮೋಡಗಳನ್ನು ದೂರುತ್ತಾನೆ. ಅವು, ಕೆಟ್ಟ ದಾರಿ ಹಿಡಿದವನು ನೀನೇ ಎನ್ನುತ್ತವೆ. ಸಾಲ ಮುಳುಗಿಸಲು ಹೊರಟದ್ದು ತಪ್ಪೆಂದು ಅವನೇ ಒಪ್ಪಿಕೊಳ್ಳುತ್ತಾನೆ, ಆಮೇಲೆ ಹೋಗಿ ಚಿಂತನಶಾಲೆಗೆ ಬೆಂಕಿ ಇಡುತ್ತಾನೆ. ನನ್ನ ಓದಿನಲ್ಲಿ ನಾಟಕದ ದೊಡ್ಡ ಪೆಟ್ಟು ಬೀಳುವುದು ಇಲ್ಲಿ: ಕೊಟ್ಟ ಮಾತು ತಪ್ಪಿಸಿಕೊಳ್ಳಲು ವಿದ್ಯೆ ಹುಡುಕುವ ಅಥೆನ್ಸಿನ ಗೃಹಸ್ಥನ ಮೇಲೆ.

ಹಾಗಾದರೆ ವಿಚಾರಣೆ? ದೂರು ಕೊಟ್ಟವರು ಮೆಲೀಟಸ್, ಅನೈಟಸ್ ಮತ್ತು ಲೈಕೋನ್. ಊರಿನ ದೇವರನ್ನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಯುವಕರನ್ನು ಕೆಡಿಸುತ್ತಾನೆ ಎಂಬುದು ದೂರು. ಇವರಿಗಿಂತ ನಾನು ಹೆಚ್ಚು ಹೆದರುವುದು ಹಳೆಯ ಆಪಾದಕರಿಗೆ ಎನ್ನುತ್ತಾನೆ ಸಾಕ್ರಟೀಸ್. ಅವರು ನೀವು ಹುಡುಗರಾಗಿದ್ದಾಗಲೇ ನಿಮ್ಮ ಕಿವಿ ತುಂಬಿದರು. ಯಾರೋ ಹಾಸ್ಯಕವಿಯೊಬ್ಬನನ್ನು ಬಿಟ್ಟರೆ ಅವರ ಹೆಸರು ಹೇಳಲೂ ಬರುವುದಿಲ್ಲ. ಗಾಳಿಯಲ್ಲಿ ನಡೆಯುತ್ತೇನೆನ್ನುವ ಸಾಕ್ರಟೀಸನೊಬ್ಬನನ್ನು ಅರಿಸ್ಟೋಫನೀಸನ ನಾಟಕದಲ್ಲಿ ನೀವೇ ನೋಡಿದ್ದೀರಿ ಎಂದು ನೆನಪಿಸುತ್ತಾನೆ. ಸಾಕ್ರಟೀಸ್ ಸೂರ್ಯನನ್ನು ಕಲ್ಲು ಎನ್ನುತ್ತಾನೆ ಎಂದು ಮೆಲೀಟಸ್ ಹೇಳಿದಾಗ, ಅದು ತತ್ವಜ್ಞಾನಿ ಅನಾಕ್ಸಗೊರಸನ ಮಾತು, ಅವನ ಪುಸ್ತಕ ಹೆಚ್ಚೆಂದರೆ ಒಂದು ದ್ರಾಖ್ಮಕ್ಕೆ ಸಿಗುತ್ತದೆ ಎಂಬ ಉತ್ತರ. ರಂಗದ ಮೇಲೆ ಆದ ಕಲಬೆರಕೆಯೇ ನ್ಯಾಯಾಲಯದಲ್ಲಿ ಆಪಾದನೆಯಾಗಿ ಎದುರು ನಿಂತಿತ್ತು.

ಆದರೆ 399ರಲ್ಲೇ ಆ ಮಾತುಗಳಿಗೆ ಜೀವ ಬಂದದ್ದು ನಾಟಕದಿಂದಲ್ಲ. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಸೋತಿತು. ಮೂವತ್ತು ಮಂದಿಯ ಕ್ರೂರ ಆಡಳಿತ ಬಂತು; ಅದರ ಮುಂದಾಳು ಕ್ರಿಟಿಯಸ್, ಹಿಂದೆ ಸಾಕ್ರಟೀಸನ ಒಡನಾಡಿ. ಊರಿಗೆ ಕೈಕೊಟ್ಟ ಆಲ್ಸಿಬಿಯಾಡೀಸನೂ ಹಾಗೆಯೇ. ಆ ಗಾಯ ಮಾಯುವ ಮೊದಲೇ ವಿಚಾರಣೆ ನಡೆಯಿತು. ಅಷ್ಟಾದರೂ ಮೂವತ್ತು ಮತಗಳು ಆಚೆ ಬಿದ್ದಿದ್ದರೆ ಬಿಡುಗಡೆಯಾಗುತ್ತಿತ್ತು.

ಅನೈಟಸ್ ಮತ್ತು ಮೆಲೀಟಸ್ ದುಡ್ಡು ಕೊಟ್ಟು ನಾಟಕ ಬರೆಸಿದರು ಎಂಬ ಕಥೆಯನ್ನು ನಂಬಬೇಡಿ. ಅದನ್ನು ಹೇಳುವ ಲೇಖಕ ಈಲಿಯನ್ ಬದುಕಿದ್ದು ಸುಮಾರು 600 ವರ್ಷಗಳ ನಂತರ. ಮೆಲೀಟಸನು 399ರಲ್ಲೂ ಇನ್ನೂ ಎಳೆಯ ವಯಸ್ಸಿನವನೆಂದು ಪ್ಲೇಟೊ ಬರೆಯುತ್ತಾನೆ. 24 ವರ್ಷದ ಹಿಂದೆ ಅವನೆಲ್ಲಿ, ಈ ಲಂಚವೆಲ್ಲಿ?

ಗುರುವನ್ನು ಕಳೆದುಕೊಂಡ ಪ್ಲೇಟೊ ಅರಿಸ್ಟೋಫನೀಸನನ್ನು ಕೊಲೆಗಾರನಂತೆ ಚಿತ್ರಿಸಲಿಲ್ಲ. ‘ಸಿಂಪೋಸಿಯಂ’ನಲ್ಲಿ, ನಾಟಕ ಆಡಿದ ಏಳು ವರ್ಷಗಳ ಮೇಲೆ, ಇಬ್ಬರನ್ನೂ ಒಂದೇ ಔತಣದಲ್ಲಿ ಕೂರಿಸುತ್ತಾನೆ. ಪ್ರೇಮದ ಬಗ್ಗೆ ಅತಿ ಸುಂದರವಾದ ಕಥೆಯೊಂದನ್ನು ಹಾಸ್ಯಕವಿಯ ಬಾಯಲ್ಲೇ ಇಡುತ್ತಾನೆ. ಬೆಳಗಿನ ಜಾವ ಎಚ್ಚರವಿದ್ದವರು ಮೂವರು. ದುರಂತ ನಾಟಕ ಬರೆಯಬಲ್ಲವನು ಹಾಸ್ಯವನ್ನೂ ಬರೆಯಬಲ್ಲ ಎಂದು ಸಾಕ್ರಟೀಸ್ ವಾದಿಸುತ್ತಿದ್ದಾನೆ. ಮೊದಲು ಅರಿಸ್ಟೋಫನೀಸನಿಗೆ ಜೊಂಪು ಹತ್ತುತ್ತದೆ, ಬೆಳಕು ಹರಿಯುವ ಹೊತ್ತಿಗೆ ದುರಂತ ನಾಟಕಕಾರ ಅಗಥಾನನಿಗೆ. ಸಾಕ್ರಟೀಸ್ ಅವರನ್ನು ಮಲಗಲು ಬಿಟ್ಟು ಎದ್ದು ಹೋಗಿ ಸ್ನಾನ ಮಾಡುತ್ತಾನೆ.