ಸೆಕ್ಷನ್ 64ಎ, ಸೆಕ್ಷನ್ 39: ಪುನರ್ವಸತಿ ಪೇಪರಿನಲ್ಲಿ ನಾನು ಎಡವಿದ ಜಾಗ

ನೋಟ್ಸಿನ ಮೇಲೆ 'ಪುನರ್ವಸತಿ' ಅಂತ ದೊಡ್ಡದಾಗಿ ಬರೆದಿದ್ದೆ. ಅಜ್ಜಿ ಓದಿ ಕೇಳಿದ್ದು, "ಯಾರ ಜಾಗ ಹೋಯಿತು ಮಗಾ?" ನಮ್ಮ ಸುರತ್ಕಲ್ ಕಡೆ ಆ ಶಬ್ದಕ್ಕೆ ಅದೇ ಅರ್ಥ. ಎಂಆರ್‌ಪಿಎಲ್‌ಗೆ (ಇಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆ) ಜಾಗ ಬಿಟ್ಟವರು ಬೇರೆ ಕಡೆ ಹೋಗಿ ನೆಲೆ ನಿಂತದ್ದು. ನಾನು ಓದುವ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಕೋರ್ಸು) ಪೇಪರಿನಲ್ಲಿ ಅದೇ ಶಬ್ದ ಜೈಲಿಗೂ ಬರುತ್ತದೆ, ಆಸ್ಪತ್ರೆಗೂ ಬರುತ್ತದೆ. ಅಲ್ಲೂ ಪ್ರಶ್ನೆ ಒಂದೇ: ತಪ್ಪಿದ ನೆಲೆ ಮತ್ತೆ ಹೇಗೆ ಸಿಗಬೇಕು?

ಪ್ರೊಬೇಷನ್ (ಜೈಲಿಗೆ ಹಾಕದೆ ನಿಗಾದಲ್ಲಿ ಬಿಡುವುದು), ಪೆರೋಲ್ ಎಲ್ಲ ನಿಮಗೆ ಗೊತ್ತಿರುತ್ತದೆ, ಬಿಡುತ್ತೇನೆ. ನಾನು ಸಿಕ್ಕಿಬಿದ್ದದ್ದು 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ. ಚಟ ಬಿಡಿಸುವ ಚಿಕಿತ್ಸೆಯ ಮಾತು ಅಲ್ಲಿ ಎರಡು ಕಡೆ ಬರುತ್ತದೆ, 64ಎ ಮತ್ತು 39. ನಾನು ಮಾಡಿಕೊಂಡ ಗುರುತು ಹೀಗಿತ್ತು: 64ಎ ಅಂದರೆ ಮೊದಲು ಆಸ್ಪತ್ರೆ, ಆಮೇಲೆ ಪೊಲೀಸ್. 39 ಅಂದರೆ ಮೊದಲು ಪೊಲೀಸ್, ಆಮೇಲೆ ಆಸ್ಪತ್ರೆ. ಕೇಳಲಿಕ್ಕೆ ಚೆಂದ ಉಂಟು, ಆದರೆ ತಪ್ಪು. ಇಂಟರ್ನಲ್‌ನಲ್ಲಿ ಐದು ಮಾರ್ಕು ಹೋಯಿತು.

ಕದ್ರಿಯ ಒಂದು ಪಿಜಿಯಲ್ಲಿರುವ ಹುಡುಗ ಅಂತ ಇಟ್ಟುಕೊಳ್ಳಿ. ಬ್ಯಾಗಿನಲ್ಲಿ 40 ಗ್ರಾಂ ಗಾಂಜಾ ಸಿಕ್ಕಿದೆ. ಗಾಂಜಾಕ್ಕೆ 1 ಕೆಜಿವರೆಗೂ 'ಸಣ್ಣ ಪ್ರಮಾಣ', ಹಾಗಾಗಿ ಇದು ಸಣ್ಣದೇ. (ಎಂಡಿಎಂಎ ಎನ್ನುವ ರಾಸಾಯನಿಕ ಡ್ರಗ್ ಆದರೆ ಅರ್ಧ ಗ್ರಾಂ ಮಾತ್ರ. ಗಾಂಜಾದ ಲೆಕ್ಕವನ್ನು ಅದಕ್ಕೆ ಹಾಕಬೇಡಿ.) ಕೇಸೂ ಆಗಿದೆ. ಈಗ 64ಎ ಸಿಗುತ್ತದಾ? ನನ್ನ ಗುರುತಿನ ಪ್ರಕಾರ ಇಲ್ಲ, ಪೊಲೀಸ್ ಬಂದಾಯಿತಲ್ವಾ. ಆದರೆ ಸೆಕ್ಷನ್ ಹೇಳುವುದೇ 'ಆರೋಪ ಬಂದಿರುವ ವ್ಯಸನಿ' ಅಂತ. ಅಂದರೆ ಕೇಸು ಆದ ಮೇಲೂ ಬಾಗಿಲು ತೆರೆದೇ ಇದೆ. ಅವನು ತಾನಾಗಿ ಚಿಕಿತ್ಸೆ ಕೇಳಬೇಕು. ಸರಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿದ ಕಡೆಯೇ ತೆಗೆದುಕೊಳ್ಳಬೇಕು. ಆಗ ವಿಚಾರಣೆಯಿಂದ ರಕ್ಷಣೆ. ಅರ್ಧಕ್ಕೆ ಬಿಟ್ಟು ಬಂದರೆ ಆ ರಕ್ಷಣೆಯನ್ನು ವಾಪಸ್ ತೆಗೆಯಬಹುದು.

39 ಶುರುವಾಗುವುದು 'ತಪ್ಪಿತಸ್ಥ' ಎಂದು ಕೋರ್ಟು ಹೇಳಿದ ಮೇಲೆ. ಶಿಕ್ಷೆ ಕೊಡುವ ಬದಲು, ಅವನ ಒಪ್ಪಿಗೆ ಪಡೆದು, ಬಾಂಡ್ ಬರೆಸಿ ಚಿಕಿತ್ಸೆಗೆ ಬಿಡುತ್ತಾರೆ. ಒಂದು ವರ್ಷದ ಒಳಗೆ ಚಿಕಿತ್ಸೆಯ ವರದಿ ಕೋರ್ಟಿಗೆ ಬರಬೇಕು. ವರದಿ ಸರಿ ಇದ್ದರೆ ಬುದ್ಧಿ ಹೇಳಿ, ಹೆಚ್ಚೆಂದರೆ ಮೂರು ವರ್ಷದ ಇನ್ನೊಂದು ಬಾಂಡ್ ಮೇಲೆ ಬಿಡಬಹುದು. ತಪ್ಪಿದರೆ ಬಂದು ಶಿಕ್ಷೆ ತೆಗೆದುಕೊಳ್ಳಬೇಕು.

ಹಾಗಾದರೆ ಗೆರೆ ಇರುವುದು ತೀರ್ಪಿನ ಹತ್ತಿರ, ಪೊಲೀಸರ ಹತ್ತಿರ ಅಲ್ಲ. ಈಗ ನನ್ನ ಗುರುತು ಇಷ್ಟೇ: 64ಎಯಲ್ಲಿ ಕೇಳುವವನು ಅವನು, 39ರಲ್ಲಿ ಕಳಿಸುವುದು ಕೋರ್ಟು.

ಇದಾದ ಮೇಲೆ ಇನ್ನೊಂದು ಸಿಕ್ಕು. ಎರಡೂ ಸೆಕ್ಷನ್ 'ವ್ಯಸನಿ'ಗೆ ಮಾತ್ರ, ಅಂದರೆ ಅದಿಲ್ಲದೆ ಆಗುವುದೇ ಇಲ್ಲ ಎನ್ನುವಷ್ಟು ಅವಲಂಬನೆ ಇರುವವನಿಗೆ. ಸುಮ್ನೆ ಒಮ್ಮೆ ಸೇದಿ ನೋಡಿದವನು ವ್ಯಸನಿ ಅಲ್ಲ, ಹಾಗಾಗಿ ಎರಡೂ ಇಲ್ಲ. ಚಟ ಜಾಸ್ತಿ ಇದ್ದವನಿಗೆ ದಾರಿ ಉಂಟು, ಕಡಿಮೆ ಇದ್ದವನಿಗೆ ಇಲ್ಲ! ನನಗಂತೂ ಇದು ವಿಚಿತ್ರವಾಗಿಯೇ ಕಂಡಿತು. ಅವನ ಗತಿ ಸೆಕ್ಷನ್ 33ರಲ್ಲಿದೆ. ಈ ಕಾಯ್ದೆಯಲ್ಲಿ ತಪ್ಪಿತಸ್ಥನಾದವನಿಗೆ ಸಾಮಾನ್ಯವಾಗಿ ಪ್ರೊಬೇಷನ್ ಇಲ್ಲ. ಆದರೆ 18 ತುಂಬದವರಿಗೆ, ಮತ್ತು ಸೆಕ್ಷನ್ 26, 27ರ ಕೇಸಿಗೆ ಉಂಟು. 27 ಅಂದರೆ ಸೇವನೆ. ಬ್ಯಾಗಿನಲ್ಲಿ ಇಟ್ಟುಕೊಂಡದ್ದು ಸೆಕ್ಷನ್ 20, ಅದಕ್ಕೆ ಈ ಬಾಗಿಲು ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ 'ಸೇದುತ್ತಿದ್ದ' ಅಂತ ಇದೆಯಾ, 'ಇಟ್ಟುಕೊಂಡಿದ್ದ' ಅಂತ ಇದೆಯಾ, ಎರಡು ಸಲ ಓದಿ.

ಆರೋಗ್ಯದ ಭಾಗ ಚಿಕ್ಕದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಡ್ರಗ್ಸ್ ಚಟದಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆ ಅಂತಲೇ ಎಣಿಸುತ್ತದೆ. ಹಾಗಾಗಿ ರೋಗಿಯನ್ನು ಸರಪಳಿಯಲ್ಲಿ ಕಟ್ಟುವ ಹಾಗಿಲ್ಲ. ಮತ್ತೆ, ಡಿಟಾಕ್ಸ್ ಬೇರೆ, ಪುನರ್ವಸತಿ ಬೇರೆ. ಮೈಯಿಂದ ವಿಷ ಇಳಿಯಲು ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ ಸಾಕು. ಉಳಿದದ್ದು ಮನೆ, ಕೆಲಸ, ಗೆಳೆಯರ ಜತೆಗಿನ ಲೆಕ್ಕ.

ಅದು ನನಗೆ ಪುಸ್ತಕದಿಂದ ತಲೆಗೆ ಹೋದದ್ದಲ್ಲ. ಫೀಲ್ಡ್‌ವರ್ಕಿನಲ್ಲಿ ಬಂದರಿನ ಒಬ್ಬ ಅಣ್ಣ ಸಿಕ್ಕಿದ್ದರು, ಆಳಸಮುದ್ರದ ಬೋಟಿನಲ್ಲಿ ದುಡಿಯುವವರು. ಅವರ ಚಟ ಮದ್ಯದ್ದು. ಮದ್ಯ ಎನ್‌ಡಿಪಿಎಸ್‌ಗೆ ಬರುವುದಿಲ್ಲ, ಮೇಲೆ ಹೇಳಿದ ಯಾವ ಸೆಕ್ಷನ್ನೂ ಅವರಿಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ. ಆ ಮಳೆಗಾಲದಲ್ಲಿ ವಾರ್ಡಿಗೆ ಸೇರಿ ಕುಡಿತ ಬಿಟ್ಟಿದ್ದರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ್ದ ಫೈಲನ್ನು ಹೆಂಡತಿ ಬಿಚ್ಚಿ ತೋರಿಸಿದರು. ಮುಂದಿನ ಭೇಟಿ ಆಗಸ್ಟ್ 5 ಅಂತ ಬರೆದಿತ್ತು. "ಬೋಟು ಒಂದನೇ ತಾರೀಕಿಗೇ ಹೊರಡ್ತದೆ ಮೇಡಂ, ಮತ್ತೆ ಹತ್ತು ದಿನ ನೀರಲ್ಲೇ" ಅಂದರು ಅಣ್ಣ. ಬೋಟಿನಲ್ಲಿ ಜತೆಗಿರುವವರು ಕುಡಿಯುವುದು ಬಿಟ್ಟಿಲ್ಲವಲ್ಲ. ಕೌನ್ಸೆಲರ್ ಮೇಡಂ ಪೆನ್ನು ತೆಗೆದು 5 ಹೊಡೆದುಹಾಕಿದರು, ಜುಲೈ 30 ಅಂತ ಬರೆದರು, ಕೆಳಗೆ ತಮ್ಮ ನಂಬರನ್ನೂ.