ಸ್ಕೋಪ್ ಷರತ್ತು: 76 ಸೀಟಿನ ಗೆರೆ

ಅಮೆರಿಕದಲ್ಲಿ ಡೆಲ್ಟಾ ಎಂಬ ದೊಡ್ಡ ವಿಮಾನ ಕಂಪನಿಯ ಟಿಕೆಟ್ ತಗೊಂಡು ಸಣ್ಣ ಊರಿಗೆ ಹೊರಟಿದ್ದೀರಿ ಅಂದುಕೊಳ್ಳಿ. ವಿಮಾನಕ್ಕೆ ಡೆಲ್ಟಾ ಬಣ್ಣವೇ ಬಳಿದಿದೆ. ಆದರೆ ಪೈಲಟ್‌ಗೆ ಸಂಬಳ ಕೊಡುವುದು ಸ್ಕೈವೆಸ್ಟ್‌ನಂಥ ಬೇರೊಂದು ಕಂಪನಿ ಆಗಿರಬಹುದು. ಟಿಕೆಟ್ ಮಾರುವುದು ದೊಡ್ಡವರು. ಹಾರಿಸಿಕೊಟ್ಟಿದ್ದಕ್ಕೆ ಸಣ್ಣವರಿಗೆ ಮಾತಾಡಿಕೊಂಡಷ್ಟು ಹಣ. ಪ್ರಾದೇಶಿಕ ಹಾರಾಟದ ಹೊರಗುತ್ತಿಗೆ ಅಂದರೆ ಇದೇ.

ಹಾಗಾದರೆ ಎಲ್ಲ ಹಾರಾಟವನ್ನೂ ಗುತ್ತಿಗೆಗೆ ಕೊಟ್ಟುಬಿಡಬಹುದಲ್ವಾ? ಆಗಲ್ಲ. ತಡೆಯುವುದು ಸರ್ಕಾರದ ಕಾನೂನಲ್ಲ, ಪೈಲಟ್ ಸಂಘ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದ. ಯಾವ ವಿಮಾನವನ್ನು ಯಾರು ಹಾರಿಸಬೇಕು ಎಂದು ಹೇಳುವ ಭಾಗಕ್ಕೆ ಸ್ಕೋಪ್ ಷರತ್ತು ಅನ್ನುತ್ತಾರೆ. ಡೆಲ್ಟಾ, ಯುನೈಟೆಡ್, ಅಮೆರಿಕನ್ ಮೂರರಲ್ಲೂ ಹೊರಗೆ ಕೊಡಬಹುದಾದ ವಿಮಾನದ ಮಿತಿ ಹೆಚ್ಚುಕಡಿಮೆ ಒಂದೇ: 76 ಸೀಟು, ಟೇಕಾಫ್ ತೂಕ 86,000 ಪೌಂಡ್, ಅಂದರೆ ಸುಮಾರು 39 ಟನ್. ಅಂಥ ವಿಮಾನ ಎಷ್ಟಿರಬಹುದು ಎನ್ನುವುದಕ್ಕೂ ಲೆಕ್ಕ ಇದೆ.

ಈ ಗೆರೆಯ ಬಲ ನೋಡಿ. ಎಂಬ್ರೇಯರ್ ಕಂಪನಿ ಕಡಿಮೆ ಇಂಧನ ಕುಡಿಯುವ ಇ175-ಇ2 ವಿಮಾನ ಮಾಡಿತು. ತೂಕ ಮಿತಿ ಮೀರಿತು, ಅಮೆರಿಕದ ಪ್ರಾದೇಶಿಕ ಕಂಪನಿಗಳಿಗೆ ಅದನ್ನು ಹಾರಿಸಲು ಆಗಲಿಲ್ಲ. ಇಂದಿಗೂ ಅಲ್ಲಿ ಹೋಗುವುದು ಹಳೆಯ ಇ175. ಯುನೈಟೆಡ್‌ನ ಸಿಆರ್‌ಜೆ-550 ಇನ್ನೊಂದು ಉದಾಹರಣೆ. ಸುಮಾರು 70 ಜನ ಕೂರುವ ವಿಮಾನದಲ್ಲಿ, ದೊಡ್ಡ ವಿಮಾನಗಳ ಲೆಕ್ಕಕ್ಕೆ ಸೇರದಿರಲಿ ಎಂದು, ಬರೀ 50 ಸೀಟು ಹಾಕಿದ್ದಾರೆ. ಪ್ರಯಾಣಿಕರಿಗೆ ಕಾಲು ಚಾಚಲು ಜಾಗ ಸಿಕ್ಕಿತು ನಿಜ, ಆದರೆ ಅದರ ಮೂಲ ಸಂಘದ ಒಪ್ಪಂದದಲ್ಲಿದೆ.

ಗೆರೆಯ ಆಚೆ ಇರುವ ಪೈಲಟ್‌ಗಳ ಕಥೆ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಡೆಲ್ಟಾದ್ದೇ ಆಗಿದ್ದ ಪ್ರಾದೇಶಿಕ ಕಂಪನಿ ಕಾಮೇರ್‌ನ ಪೈಲಟ್‌ಗಳು 2001ರಲ್ಲಿ ಒಳ್ಳೆಯ ಒಪ್ಪಂದಕ್ಕಾಗಿ 89 ದಿನ ಮುಷ್ಕರ ಹೂಡಿದರು. ಇವರದೂ ಡೆಲ್ಟಾ ಪೈಲಟ್‌ಗಳದೂ ಸಂಘ ಒಂದೇ, 1931ರಲ್ಲಿ ಹುಟ್ಟಿದ ಆಲ್ಪಾ (ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್). ಡೆಲ್ಟಾದವರನ್ನು ಕಾಯುವ ಸ್ಕೋಪ್ ಷರತ್ತು ಕಾಮೇರ್‌ನವರ ಬೆಳವಣಿಗೆಗೆ ಅಡ್ಡ ನಿಂತಿತ್ತು. ಕೆಲವರು ತಮ್ಮ ಸಂಘದ ಮೇಲೇ ಕೋರ್ಟಿಗೆ ಹೋದರು. 2012ರಲ್ಲಿ ಡೆಲ್ಟಾ ಕಾಮೇರ್ ಅನ್ನು ಮುಚ್ಚಿತು.

2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ನಗರದ ಹತ್ತಿರ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಟಿಕೆಟ್ ಮಾತ್ರ ಕಾಂಟಿನೆಂಟಲ್ ಎಂಬ ದೊಡ್ಡ ಕಂಪನಿಯದು. ವೇಗ ಕುಸಿಯುತ್ತಿದೆ ಎಂಬ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಎಂದಿತು ತನಿಖೆ. ಆದರೆ ವಿಚಾರಣೆಯಲ್ಲಿ ಸಹಪೈಲಟ್‌ನ ಕಡಿಮೆ ಸಂಬಳವೂ, ಕೆಲಸಕ್ಕೆ ಬರಲು ದೂರದ ಸಿಯಾಟಲ್‌ನಿಂದ ರಾತ್ರಿಯಿಡೀ ಮಾಡಿದ ಪ್ರಯಾಣವೂ ಹೊರಬಿದ್ದವು. 2010ರ ಕಾನೂನಿನ ನಂತರ ಪೈಲಟ್‌ಗಳಿಗೆ ಸಾಮಾನ್ಯವಾಗಿ 1,500 ಗಂಟೆ ಹಾರಾಟದ ಅನುಭವ ಬೇಕಾಯಿತು. ವಿಮಾನವನ್ನು ನಿಜಕ್ಕೂ ಯಾವ ಕಂಪನಿ ಹಾರಿಸುತ್ತದೆ ಎಂಬುದನ್ನು ಟಿಕೆಟ್ ಮಾರುವಾಗಲೇ ತಿಳಿಸಬೇಕೆಂದೂ ಅದೇ ಕಾನೂನು ಹೇಳಿತು.