ಪಡಿತರ ಚೀಟಿ: ಅರ್ಜಿ ಹಾಕುವ ಮೊದಲು ನೋಡಿಕೊಳ್ಳಬೇಕಾದದ್ದು

ತಾಲ್ಲೂಕು ಕಾನೂನು ಸೇವಾ ಸಮಿತಿಯ ಪರವಾಗಿ ಉಚಿತ ನೆರವು ನೀಡುವ ವಕೀಲೆಯಾಗಿ ನಾನು ಕಂಡಂತೆ, ಪಡಿತರ ಚೀಟಿ ಸಿಗಲಿಲ್ಲವೆಂದು ಬರುವವರ ಬಡತನದ ಬಗ್ಗೆ ಸಂಶಯಪಡುವ ಸಂದರ್ಭ ಬಹಳ ಅಪರೂಪ. ಅವರ ಅರ್ಜಿಗಳು ತಿರಸ್ಕೃತವಾಗುವುದು ಬಹುಮಟ್ಟಿಗೆ ದಾಖಲೆಗಳು ಒಂದಕ್ಕೊಂದು ತಾಳೆಯಾಗದ ಕಾರಣಕ್ಕೆ.

ಕಳೆದ ಮಳೆಗಾಲದಲ್ಲಿ ಬಂದ ಹೆಣ್ಣುಮಗಳೊಬ್ಬರು ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು: ಮಡಿಕೆಯಲ್ಲಿ ಹರಿದ ಆಧಾರ್, ಅವಧಿ ಮುಗಿದ ಆದಾಯ ಪ್ರಮಾಣ ಪತ್ರ, ತವರಿನ ಪಡಿತರ ಚೀಟಿಯ ಜೆರಾಕ್ಸ್. "ಎರಡು ಸಲ ಅರ್ಜಿ ಹಾಕೀನ್ರೀ ಮೇಡಂ, ಎರಡೂ ಸಲ ರಿಜೆಕ್ಟ್ ಆಗೇತಿ" ಎಂದರು. ಉತ್ತರ ಮೂರನೆಯ ಕಾಗದದಲ್ಲಿತ್ತು. ಮದುವೆಯಾಗಿ ಆರು ವರ್ಷ ಕಳೆದಿದ್ದರೂ ಅವರ ಹೆಸರು ತವರಿನ ಚೀಟಿಯಲ್ಲೇ ಉಳಿದಿತ್ತು. ಒಂದು ಆಧಾರ್ ಸಂಖ್ಯೆ ಎರಡು ಚೀಟಿಗಳಲ್ಲಿ ಇರುವಂತಿಲ್ಲವಾದ್ದರಿಂದ, ಅಲ್ಲಿ ಹೆಸರು ತೆಗೆಸದೆ ಗಂಡನ ಮನೆಯಲ್ಲಿ ಎಷ್ಟು ಸಲ ಅರ್ಜಿ ಹಾಕಿದರೂ ಅದು ನಿಲ್ಲುವುದಿಲ್ಲ. ಹೆಸರು ತೆಗೆಸಲು ಅವರ ಅಣ್ಣನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು, ಏಕೆಂದರೆ ಒಂದು ಹೆಸರು ಹೋದರೆ ಆ ಮನೆಗೆ ತಿಂಗಳಿಗೆ ಒಬ್ಬರ ಪಾಲಿನ ಅಕ್ಕಿ ಕಡಿಮೆಯಾಗುತ್ತದೆ. ಆ ಅಣ್ಣನೂ ಕೂಲಿಯವನೇ. ಅವನ ಹಿಂಜರಿಕೆಯನ್ನು ತಪ್ಪೆನ್ನಲು ನನಗೆ ಮನಸ್ಸು ಬರಲಿಲ್ಲ.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ದೇಶದ ಗ್ರಾಮೀಣ ಜನಸಂಖ್ಯೆಯ ಶೇ 75ರಷ್ಟು ಮತ್ತು ನಗರ ಜನಸಂಖ್ಯೆಯ ಶೇ 50ರಷ್ಟು ಜನರನ್ನು ಒಳಗೊಳ್ಳಲು ಅವಕಾಶ ಕೊಟ್ಟಿದೆ. ಅದರಡಿ ಕಡುಬಡವರೆಂದು ಗುರುತಿಸಲಾದ ಅಂತ್ಯೋದಯ ಕುಟುಂಬಕ್ಕೆ, ಸದಸ್ಯರು ಎಷ್ಟೇ ಇರಲಿ, ತಿಂಗಳಿಗೆ 35 ಕೆ.ಜಿ. ಧಾನ್ಯ ದೊರೆಯಬೇಕು, ನಾವು ಬಿಪಿಎಲ್ ಎಂದು ಕರೆಯುವ ಆದ್ಯತಾ ಕುಟುಂಬಗಳಲ್ಲಿ ತಲಾ 5 ಕೆ.ಜಿ. ದೊರೆಯಬೇಕು. 2023ರ ಜನವರಿಯಿಂದ ಈ ಧಾನ್ಯ ಪೂರ್ತಿ ಉಚಿತವಾಗಿದೆ. ಅರ್ಹರು ಯಾರೆಂದು ಗುರುತಿಸುವ ಮಾನದಂಡಗಳನ್ನು ಮಾತ್ರ ರಾಜ್ಯಗಳೇ ನಿಗದಿ ಮಾಡುತ್ತವೆ. ಕರ್ನಾಟಕದಲ್ಲಿ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಸರ್ಕಾರಿ ನೌಕರರು ಅಥವಾ ಆದಾಯ ತೆರಿಗೆ ಕಟ್ಟುವವರು ಇರುವ ಮನೆಗೆ ಆದ್ಯತಾ ಚೀಟಿ ಇಲ್ಲ. ನಾಲ್ಕು ಚಕ್ರದ ಸ್ವಂತ ವಾಹನವಿದ್ದರೂ ಇಲ್ಲ, ಆದರೆ ಹೊಟ್ಟೆಪಾಡಿಗಾಗಿ ಓಡಿಸುವ ಒಂದು ಟ್ಯಾಕ್ಸಿಗೋ ಟ್ರ್ಯಾಕ್ಟರಿಗೋ ವಿನಾಯಿತಿಯಿದೆ. ಬ್ಯಾಂಕ್ ಸಾಲ ಸಿಗಲೆಂದು ಯಾರದೋ ಮಾತು ಕೇಳಿ ಇಲ್ಲದ ಆದಾಯ ತೋರಿಸಿ ರಿಟರ್ನ್ಸ್ ಸಲ್ಲಿಸಬೇಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಆ ಕಾಗದ ಮುಂದೊಂದು ದಿನ ಚೀಟಿ ರದ್ದತಿಯ ನೋಟಿಸಿಗೆ ಆಧಾರವಾಗಬಹುದು.

ಹೊಸ ಅರ್ಜಿಗೆ ಪೋರ್ಟಲ್ ವರ್ಷವಿಡೀ ತೆರೆದಿರುವುದಿಲ್ಲ, ತೆರೆದ ದಿನಗಳಲ್ಲಿ ಸರ್ವರ್ ಸಿಗುವುದೂ ಕಷ್ಟ. ಹೀಗಾಗಿ ಅದು ತೆರೆಯುವ ಮೊದಲೇ ನಾಡಕಚೇರಿಯಿಂದ ಆದಾಯ ಪ್ರಮಾಣ ಪತ್ರ ಪಡೆದು, ಎಲ್ಲರ ಆಧಾರ್‌ನಲ್ಲಿ ಹೆಸರು, ವಿಳಾಸ ಮತ್ತು ಮೊಬೈಲ್ ಸಂಖ್ಯೆ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಕಾಯ್ದೆಯ ಪ್ರಕಾರ ಚೀಟಿಯಲ್ಲಿ ಮನೆಯ ಯಜಮಾನಿಯಾಗುವುದು 18 ವರ್ಷ ತುಂಬಿದ ಹಿರಿಯ ಮಹಿಳೆ. ಅತ್ತೆ ತೀರಿಕೊಂಡ ಮೇಲೂ ಅವರ ಹೆಸರಿನಲ್ಲೇ ಚೀಟಿಯನ್ನು ಮುಂದುವರಿಸುವ ಮನೆಗಳು ಮುಂದೆ ತೊಂದರೆಗೆ ಸಿಲುಕುತ್ತವೆ.

ಚೀಟಿ ಕೈಗೆ ಬರುವವರೆಗೆ ಮನೆಯ ಮಕ್ಕಳು ಹಸಿದಿರಬೇಕಾಗಿಲ್ಲ. ಅಂಗನವಾಡಿಯಲ್ಲಿ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ತಾಯಂದಿರಿಗೆ ಪೌಷ್ಟಿಕ ಆಹಾರ ನೀಡಬೇಕೆಂದು ಇದೇ ಕಾಯ್ದೆ ಹೇಳುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಿಸಿಯೂಟವೂ ಇದರಲ್ಲೇ ಸೇರಿದೆ. ಬಿಪಿಎಲ್ ಚೀಟಿ ಇದ್ದವರಿಗೆ ಮಾತ್ರ ಇದು ಸಲ್ಲುತ್ತದೆಂಬ ತಪ್ಪು ತಿಳಿವಳಿಕೆಯಿಂದ ಅಂಗನವಾಡಿಯ ಬಾಗಿಲಿಗೇ ಹೋಗದ ಗರ್ಭಿಣಿಯರನ್ನು ನಾನು ನೋಡಿದ್ದೇನೆ.

ದುಡಿಯಲು ಊರು ಬಿಟ್ಟವರು ಹೊಸ ಊರಿನಲ್ಲಿ ಹೊಸ ಚೀಟಿ ಮಾಡಿಸಲು ಹೊರಡುವುದು ಇನ್ನೊಂದು ಎಡವಟ್ಟು. ಒಂದು ದೇಶ, ಒಂದು ಪಡಿತರ ಚೀಟಿ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಜಾರಿಗೆ ಬಂದಿದ್ದು, ಕಾಯ್ದೆಯಡಿ ಚೀಟಿ ಪಡೆದವರು ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ತಮ್ಮ ಪಾಲಿನ ಧಾನ್ಯ ಪಡೆಯಬಹುದು, ಉಳಿದದ್ದನ್ನು ಊರಲ್ಲಿರುವ ಮನೆಯವರು ಪಡೆಯಬಹುದು. ರಾಜ್ಯ ಸರ್ಕಾರ ತನ್ನ ಖರ್ಚಿನಲ್ಲಿ ಕೊಡುವ ಹೆಚ್ಚುವರಿ ಧಾನ್ಯ ಮಾತ್ರ ಗಡಿ ದಾಟುವುದಿಲ್ಲ.

ಗಾರೆ ಕೆಲಸದಲ್ಲಿ ಬೆರಳಿನ ಗೆರೆ ಸವೆದವರದ್ದು ನನ್ನನ್ನು ಹೆಚ್ಚು ಕಾಡುವ ಸಮಸ್ಯೆ. ಅವರು ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡು, ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರದ ಮೇಲೆ ಮತ್ತೆ ಮತ್ತೆ ಒತ್ತಿ, ಕೊನೆಗೆ ಖಾಲಿ ಚೀಲ ಹಿಡಿದು ಮನೆಗೆ ಮರಳುತ್ತಾರೆ. ಆಧಾರ್ ಇಲ್ಲವೆಂದು ಅಥವಾ ಬೆರಳಚ್ಚು ಹೊಂದಲಿಲ್ಲವೆಂದು ಅರ್ಹರಿಗೆ ಪಡಿತರ ನಿರಾಕರಿಸಕೂಡದೆಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಅಂಗಡಿಯವರು "ನಾಳೆ ಬನ್ನಿ" ಎಂದರೆ ಜಗಳಕ್ಕಿಳಿಯದೆ, ಅಲ್ಲಿಂದಲೇ 1967 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ಅರ್ಜಿ ತಿರಸ್ಕೃತವಾದಾಗ ಬಾಯಿಮಾತಿನ ಕಾರಣಕ್ಕೆ ತೃಪ್ತರಾಗದೆ, ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅದು ಕೈಯಲ್ಲಿದ್ದರೆ ಕಾಯ್ದೆಯಡಿ ನೇಮಕವಾದ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಕೊಡಬಹುದು, ಅಲ್ಲಿನ ಆದೇಶವೂ ಸರಿಯೆನಿಸದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರು ಬರೆಯಲು ಬಾರದ ಹೆಣ್ಣುಮಕ್ಕಳು ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಕಾಗದಗಳೊಂದಿಗೆ ಬನ್ನಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ನೆರವು ಉಚಿತವಾಗಿ ದೊರೆಯುತ್ತದೆ.